ಗೋಲಿ ಹಾಕಿ ದೊರೆಯನ್ನು ಇಳಿಸಿದ ನಾಡು

ಮನೆಯಲ್ಲಿ ಅಟ್ಲಾಸ್ ಇದ್ದರೆ ಆಫ್ರಿಕಾದ ಪುಟ ಬಿಡಿಸಿ. ಎಡಗಡೆ, ಖಂಡದ ಹೊಟ್ಟೆ ಉಬ್ಬಿ ಅಟ್ಲಾಂಟಿಕ್ ಸಾಗರದತ್ತ ಚಾಚಿದ ಕಡೆ ಸೆನೆಗಲ್ ಎಂಬ ದೇಶ ಕಾಣುತ್ತದೆ. ಕನ್ನಡಕ ಹಾಕಿಕೊಂಡು ಇನ್ನಷ್ಟು ಹತ್ತಿರದಿಂದ ನೋಡಿದರೆ ಆ ದೇಶದ ಒಳಗೆ, ಮಳೆಗಾಲದ ಅಂಗಳದಲ್ಲಿ ಎರೆಹುಳು ಹರಿದಂತೆ ಸೊಟ್ಟಸೊಟ್ಟಗೆ ಒಂದು ಗೆರೆ. ಅದೇ ಗ್ಯಾಂಬಿಯಾ. ಆಫ್ರಿಕಾದ ಮುಖ್ಯಭೂಮಿಯಲ್ಲಿ ಇದಕ್ಕಿಂತ ಚಿಕ್ಕ ದೇಶ ಬೇರೆ ಇಲ್ಲ. ಉದ್ದ ಹೆಚ್ಚುಕಡಿಮೆ ಮಂಗಳೂರಿನಿಂದ ಬೆಂಗಳೂರಿಗೆ ಇರುವಷ್ಟು. ಅಗಲ ಎಲ್ಲಿ ಅಳೆದರೂ 50 ಕಿಲೋಮೀಟರ್ ದಾಟುವುದಿಲ್ಲ. ವಿಸ್ತೀರ್ಣ ಸುಮಾರು 11,300 ಚದರ ಕಿಲೋಮೀಟರ್, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆ ಸುಮಾರು 24 ಲಕ್ಷ.

ಇಂಥ ವಿಚಿತ್ರ ಆಕಾರ ಯಾಕೆ ಬಂತು? ಗ್ಯಾಂಬಿಯಾ ಎಂದರೆ ಮೂಲತಃ ಒಂದು ನದಿ. ನದಿಯ ಹೆಸರೇ ದೇಶದ ಹೆಸರು. ನದಿ ಇಂಗ್ಲಿಷರ ಕೈಯಲ್ಲಿತ್ತು, ಸುತ್ತಲಿನ ನೆಲ ಫ್ರೆಂಚರ ಕೈಯಲ್ಲಿತ್ತು. 1889ರಲ್ಲಿ ಇಬ್ಬರೂ ಮೇಜಿನ ಮುಂದೆ ಕೂತು, ನದಿಯ ಆಚೆಗೆ ಹತ್ತು ಕಿಲೋಮೀಟರ್, ಈಚೆಗೆ ಹತ್ತು ಕಿಲೋಮೀಟರ್ ನಿನ್ನದು, ಮಿಕ್ಕದ್ದು ನನ್ನದು ಎಂದು ಹಂಚಿಕೊಂಡರು. ಇಂಗ್ಲಿಷರ ಹಡಗು ನದಿಯ ನಡುವೆ ನಿಂತು ಎರಡೂ ಕಡೆಗೆ ತೋಪು ಹಾರಿಸಿತು, ಗುಂಡು ಬಿದ್ದಲ್ಲಿ ಗಡಿಕಲ್ಲು ನೆಟ್ಟರು ಎಂದು ಅಲ್ಲಿನವರು ಕತೆ ಹೇಳುತ್ತಾರೆ. ಅದು ಕತೆಯೇ ಇರಬೇಕು, ಆದರೆ ನಕ್ಷೆ ನೋಡಿದರೆ ನಂಬಬೇಕು ಅನಿಸುತ್ತದೆ. ಒಂದೇ ಭಾಷೆ ಆಡುವ ಅಣ್ಣ ಒಂದು ದೇಶಕ್ಕೆ, ತಮ್ಮ ಇನ್ನೊಂದು ದೇಶಕ್ಕೆ ಸೇರಿದ. ಅಣ್ಣನ ಮಕ್ಕಳು ಶಾಲೆಯಲ್ಲಿ ಫ್ರೆಂಚ್ ಕಲಿತರು, ತಮ್ಮನ ಮಕ್ಕಳು ಇಂಗ್ಲಿಷ್ ಕಲಿತರು. ಇವತ್ತಿಗೂ ಹಾಗೆಯೇ ಇದೆ.

ಈ ದೇಶಕ್ಕೆ ನಾನು ಹೋದದ್ದು ಕಳೆದ ಏಪ್ರಿಲ್‌ನಲ್ಲಿ, ಗೆಳತಿಯ ಜೊತೆ. ನಾವಿಬ್ಬರೂ ಪುತ್ತೂರಿನಲ್ಲಿ ಕಾಲೇಜು ಓದುವಾಗ ಒಂದೇ ಬೆಂಚಿನವರು. ಅವಳು ಹಲವು ವರ್ಷಗಳಿಂದ ಸೆನೆಗಲ್‌ನ ರಾಜಧಾನಿ ಡಾಕಾರ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೂವತ್ತು ವರ್ಷ ಸಮಾಜವಿಜ್ಞಾನ ಪಾಠ ಮಾಡಿದ ನಾನು ಆಫ್ರಿಕಾದ ನದಿಗಳನ್ನು ಕಪ್ಪುಹಲಗೆಯ ಮೇಲೆ ಬರೆದದ್ದೇ ಬರೆದದ್ದು, ಒಂದನ್ನೂ ಕಂಡವಳಲ್ಲ. "ಒಂದು ನದಿಯನ್ನಾದರೂ ಕಣ್ಣಾರೆ ನೋಡು ಮಾರಾಯ್ತಿ, ಆರು ದಿನ ರಜೆ ಹಾಕುತ್ತೇನೆ" ಎಂದು ಅವಳೇ ಕರೆದಳು.

ಡಾಕಾರ್‌ನಿಂದ ಕಾರಿನಲ್ಲಿ ಆರೇಳು ಗಂಟೆ ದಕ್ಷಿಣಕ್ಕೆ ಬಂದರೆ ಗಡಿ. ಗಡಿ ದಾಟಿದರೆ ಬರ್ರಾ ಎಂಬ ಊರು. ಅಲ್ಲಿಂದ ಎದುರು ದಡದ ರಾಜಧಾನಿ ಬಂಜುಲ್‌ಗೆ ಫೆರ್ರಿ. ನದಿಯ ಅಳಿವೆ ಇಲ್ಲಿ ಎಷ್ಟು ಅಗಲವೆಂದರೆ ಎದುರು ದಡ ಮಬ್ಬುಮಬ್ಬು. ಫೆರ್ರಿಯ ಒಡಲಲ್ಲಿ ಲಾರಿಗಳು, ಮೇಲೆ ಜನ, ಜನರ ಕಾಲಡಿಯಲ್ಲಿ ಆಡುಗಳು. ಬಣ್ಣಬಣ್ಣದ ಉದ್ದ ನಿಲುವಂಗಿ, ಅದೇ ಬಟ್ಟೆಯ ತಲೆಕಟ್ಟು ತೊಟ್ಟ ಹೆಂಗಸರು ತಲೆಯ ಮೇಲೆ ಬೋಗುಣಿ ಹೊತ್ತು, ಹಡಗು ಎಷ್ಟು ತೂಗಿದರೂ ಒಂದು ಹನಿ ಚೆಲ್ಲದೆ ನಿಂತಿದ್ದರು. ಒಬ್ಬ ಅಜ್ಜಿ ನನ್ನ ಸೀರೆಯ ಸೆರಗನ್ನು ಹಿಡಿದು, ಬೆರಳಲ್ಲಿ ಉಜ್ಜಿ, ಬಟ್ಟೆ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಭಾಷೆ ಬೇಕಾಗಲಿಲ್ಲ.

ಆದರೆ ಭಾಷೆಯ ಪಾಠವೂ ಅಲ್ಲೇ ಶುರುವಾಯಿತು. ಗ್ಯಾಂಬಿಯಾದಲ್ಲಿ ಸರ್ಕಾರದ ಭಾಷೆ ಇಂಗ್ಲಿಷ್. ಮನೆಮಾತು ಮಾತ್ರ ಮಂಡಿಂಕಾ, ವೊಲೋಫ್, ಫುಲಾ, ಜೋಲಾ ಹೀಗೆ ಹಲವು. ವೊಲೋಫ್ ಭಾಷೆಯಲ್ಲಿ ಎದುರಾದವರನ್ನು "ನಂಗ ದೆಫ್?" ಎಂದು ಕೇಳಬೇಕು. ಹೇಗಿದ್ದೀ ಎಂದರ್ಥ. ಅದಕ್ಕೆ ಉತ್ತರ "ಮಂಗಿ ಫಿ ರೆಕ್". ಅಂದರೆ, ಇಲ್ಲೇ ಇದ್ದೇನೆ, ಅಷ್ಟೆ! ಆಮೇಲೆ ಮನೆಯವರು ಹೇಗಿದ್ದಾರೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ, ಅವರು ಅಲ್ಲಿದ್ದಾರೆ. ನಮ್ಮ ಊರಲ್ಲಿ "ಏನು ವಿಶೇಷ?" ಎಂದರೆ "ಎಂತ ಇಲ್ಲ, ಹೀಗೇ ಇದ್ದೇವೆ" ಅನ್ನುವುದಿಲ್ಲವೇ, ಹಾಗೆ. ಈ ಪ್ರಶ್ನೋತ್ತರ ಮುಗಿಯದೆ ಯಾರೂ ವ್ಯವಹಾರದ ಮಾತಿಗೆ ಇಳಿಯುವುದಿಲ್ಲ. ಅಂಗಡಿಗೆ ಹೋಗಿ ನೇರವಾಗಿ "ಬಾಳೆಹಣ್ಣು ಎಷ್ಟು?" ಅಂದರೆ ಅದು ಒರಟುತನ.

ಬಂಜುಲ್ ರಾಜಧಾನಿಯಾದರೂ ನಮ್ಮ ತಾಲ್ಲೂಕು ಕೇಂದ್ರದ ಗತ್ತು. 1816ರಲ್ಲಿ ಇಂಗ್ಲಿಷರು ಬಾಥರ್ಸ್ಟ್ ಎಂದು ಹೆಸರಿಟ್ಟು ಕಟ್ಟಿದ ಊರು. 1973ರಲ್ಲಿ ಬಂಜುಲ್ ಎಂದಾಯಿತು. ಆಲ್ಬರ್ಟ್ ಮಾರುಕಟ್ಟೆಯಲ್ಲಿ ಒಣಮೀನು, ಕಡಲೆಕಾಯಿ, ಬಟ್ಟೆ, ಮರದ ಮುಖವಾಡಗಳು. ಊರಿನ ಬಾಗಿಲಲ್ಲಿ 'ಆರ್ಚ್ 22' ಎಂಬ ದೊಡ್ಡ ಬಿಳಿ ಕಮಾನು ಇದೆ. ಇನ್ನೊಂದು ಕಟ್ಟಡವನ್ನು ಗೆಳತಿ ಹೆಮ್ಮೆಯಿಂದ ತೋರಿಸಿದಳು. ಅದು ಗ್ಯಾಂಬಿಯಾದ ಸಂಸತ್ ಭವನ. ಭಾರತ ಕೊಟ್ಟ ಸಾಲದ ನೆರವಿನಿಂದ ಕಟ್ಟಿದ್ದು. 2019ರಲ್ಲಿ ನಮ್ಮ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಇಲ್ಲಿಗೆ ಭೇಟಿ ಕೊಟ್ಟಾಗ ಅಲ್ಲೇ ಭಾಷಣ ಮಾಡಿದ್ದರು.

ಕಮಾನಿನ ಕೆಳಗೆ ನಿಂತಾಗಲೇ ನಮ್ಮ ಕಾರಿನ ಚಾಲಕ ಗೋಲಿಯ ಕತೆ ಹೇಳಿದ್ದು. ಮೂವತ್ತರ ಆಸುಪಾಸಿನ ಹುಡುಗ, ನಮ್ಮಿಬ್ಬರನ್ನೂ 'ಆಂಟಿ' ಎಂದೇ ಕರೆಯುತ್ತಿದ್ದ.

ಮಕ್ಕಳೇ, ನೀವು ಆಡುವ ಗಾಜಿನ ಗೋಲಿ ಇದೆಯಲ್ಲ, ಗ್ಯಾಂಬಿಯಾದಲ್ಲಿ ಅದೇ ಓಟು! 1965ರ ಫೆಬ್ರವರಿ 18ರಂದು ದೇಶ ಸ್ವತಂತ್ರವಾದ ಕಾಲದಲ್ಲಿ ಓದು ಬರಹ ಬಲ್ಲವರು ಕಡಿಮೆ. ಓದಲು ಬಾರದವರೂ ತಪ್ಪಿಲ್ಲದೆ, ಗುಟ್ಟಾಗಿ ಮತ ಹಾಕುವುದು ಹೇಗೆ? ಅದಕ್ಕೆ ಕಂಡುಕೊಂಡ ಉಪಾಯ ಇದು. ಮತಗಟ್ಟೆಯ ಮರೆಯಲ್ಲಿ ತಗಡಿನ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡ್ರಮ್ಮು, ಅದಕ್ಕೆ ಅವರ ಪಕ್ಷದ ಬಣ್ಣ, ಮೇಲೆ ಅವರ ಫೋಟೋ. ಮತದಾರರ ಕೈಗೆ ಅಧಿಕಾರಿ ಒಂದೇ ಒಂದು ಗೋಲಿ ಕೊಡುತ್ತಾರೆ. ಬೇಕಾದ ಡ್ರಮ್ಮಿನ ಮೇಲಿರುವ ಕೊಳವೆಯಲ್ಲಿ ಗೋಲಿ ಬಿಡಬೇಕು. ಒಳಗೆ ಒಂದು ಗಂಟೆ ಇದೆ. ಗೋಲಿ ತಾಗಿದರೆ 'ಟಿಣ್' ಎನ್ನುತ್ತದೆ. ಹೊರಗೆ ಕೂತ ಅಧಿಕಾರಿಗಳು ಆ ಸದ್ದಿಗೆ ಕಿವಿಗೊಟ್ಟಿರುತ್ತಾರೆ. ಒಂದು ಸಲ ಟಿಣ್ ಎಂದರೆ ಸರಿ. ಎರಡು ಸಲ ಎಂದರೆ ಯಾರೋ ಜೇಬಿನಿಂದ ಇನ್ನೊಂದು ಗೋಲಿ ತೆಗೆದರು ಎಂದರ್ಥ! ಬಿದ್ದ ಗೋಲಿ ಮತ್ತೆ ಸದ್ದು ಮಾಡದಿರಲೆಂದು ಡ್ರಮ್ಮಿನ ತಳಕ್ಕೆ ಮರಳನ್ನೋ ಮರದ ಹುಡಿಯನ್ನೋ ಹಾಕಿರುತ್ತಾರೆ. ಮತದಾನದ ದಿನ ಮತಗಟ್ಟೆಯ ಹತ್ತಿರ ಸೈಕಲ್ ಓಡಿಸುವ ಹಾಗಿಲ್ಲ. ಬೆಲ್ಲಿನ ಸದ್ದೂ ಓಟಿನ ಸದ್ದೂ ಒಂದೇ ಥರ ಕೇಳುತ್ತದಲ್ಲ, ಅದಕ್ಕೆ. ಎಣಿಕೆಗೆ ಗುಳಿಗಳಿರುವ ಮಣೆ. ನಮ್ಮ ಚೆನ್ನೆಮಣೆ ನೆನಪಾಯಿತು. ಇದರಲ್ಲಿ ಇನ್ನೂರೋ ಐನೂರೋ ಗುಳಿ ಇರುತ್ತದೆ ಅಷ್ಟೆ. ಗುಳಿ ತುಂಬಿದರೆ ಲೆಕ್ಕ ಮುಗಿಯಿತು, ಎಲ್ಲ ಪಕ್ಷದವರ ಕಣ್ಣೆದುರೇ.

ಇದನ್ನು ಕೇಳಿ ನಗು ಬಂತು. ಚಾಲಕ ನಗಲಿಲ್ಲ. ಈ ಕಮಾನು ಕಟ್ಟಿಸಿದವರು ಯಾಹ್ಯಾ ಜಾಮೆ. 1994ರ ಜುಲೈ 22ರಂದು ಸೈನ್ಯದ ಬಲದಿಂದ ಅಧಿಕಾರ ಹಿಡಿದರು. ಆ ತಾರೀಖಿನ ನೆನಪಿಗೇ ಕಮಾನಿನ ಹೆಸರಲ್ಲಿ 22. ಇಪ್ಪತ್ತೆರಡು ವರ್ಷ ಆಳಿದರು. ಎದುರು ಮಾತಾಡಿದವರು ಜೈಲಿಗೆ ಹೋದರು, ಕೆಲವರು ಎಲ್ಲಿ ಹೋದರೆಂದು ಮನೆಯವರಿಗೇ ತಿಳಿಯಲಿಲ್ಲ. 2016ರ ಡಿಸೆಂಬರ್ 1ರಂದು ಚುನಾವಣೆ ನಡೆಯಿತು. "ನಾನು ಬೆಳಿಗ್ಗೆ ಕತ್ತಲಿರುವಾಗಲೇ ಸಾಲಿನಲ್ಲಿ ನಿಂತಿದ್ದೆ, ಆಂಟಿ. ಗೋಲಿ ಕೈಯಲ್ಲಿ ಬೆವರಿ ಒದ್ದೆಯಾಗಿತ್ತು. ಯಾವ ಡ್ರಮ್ಮಿನಿಂದ ಸದ್ದು ಬಂತು ಅಂತ ಹೊರಗಿನವರಿಗೆ ಗೊತ್ತಾಗಿಬಿಟ್ಟರೆ? ಅದೇ ಹೆದರಿಕೆ" ಎಂದ. ಗೊತ್ತಾಗಲಿಲ್ಲ. ಎಣಿಸಿದಾಗ ಅದಾಮಾ ಬಾರೋ ಗೆದ್ದಿದ್ದರು. ಜಾಮೆ ಮೊದಲು ಸೋಲು ಒಪ್ಪಿಕೊಂಡರು, ವಾರ ಕಳೆಯುವಷ್ಟರಲ್ಲಿ ಒಪ್ಪುವುದಿಲ್ಲ ಎಂದರು. ನೆರೆಯ ದೇಶಗಳು ಸೈನ್ಯ ಕಳಿಸಿದವು. 2017ರ ಜನವರಿ 19ರಂದು ಹೊಸ ಅಧ್ಯಕ್ಷರು ತಮ್ಮ ದೇಶದಲ್ಲಿ ಅಲ್ಲ, ಡಾಕಾರ್‌ನಲ್ಲಿರುವ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳಬೇಕಾಯಿತು. ಎರಡು ದಿನದ ಮೇಲೆ ಜಾಮೆ ದೇಶ ಬಿಟ್ಟರು. ಆ ದಿನ ಡಾಕಾರ್‌ನ ಬೀದಿಗಳಲ್ಲಿ ಗ್ಯಾಂಬಿಯಾದವರು ಕುಣಿದದ್ದನ್ನು ಗೆಳತಿ ಕಂಡಿದ್ದಾಳೆ.

"ನಮ್ಮ ಗೋಲಿಗೆ ಇಷ್ಟು ತೂಕ ಇದೆ ಅಂತ ನಮಗೇ ಗೊತ್ತಿರಲಿಲ್ಲ" ಎಂದ ಚಾಲಕ, ಗೇರ್ ಬದಲಾಯಿಸುತ್ತ.

ಮೊಸಳೆಯ ತಲೆ ಸವರಿದ್ದು

ಬಂಜುಲ್ ಹತ್ತಿರದ ಬಕಾವು ಊರಿನಲ್ಲಿ ಕಚಿಕಲಿ ಎಂಬ ಕೆರೆ ಇದೆ. ಹಸಿರು ಪಾಚಿಯ ನೀರು, ಅದರ ತುಂಬ ಮೊಸಳೆಗಳು. ಕೆಲವು ದಡದಲ್ಲಿ ಬಾಯಿ ತೆರೆದು ಬಿಸಿಲು ಕಾಯುತ್ತ ಬಿದ್ದಿದ್ದವು. ಇದು ಪವಿತ್ರ ಕೆರೆ. ಬೊಜಾಂಗ್ ಮನೆತನದವರು ತಲೆಮಾರುಗಳಿಂದ ನೋಡಿಕೊಂಡು ಬಂದಿದ್ದಾರೆ. ಮಕ್ಕಳಾಗದ ಹೆಂಗಸರು ಇಲ್ಲಿಯ ನೀರಿನಿಂದ ಮೈ ತೊಳೆದುಕೊಂಡು ಹರಕೆ ಹೊರುತ್ತಾರೆ. ಹಾಗೆ ಹುಟ್ಟಿದ ಮಗುವಿಗೆ ಕಚಿಕಲಿ ಎಂದೇ ಹೆಸರಿಡುವುದುಂಟು. ಕಾವಲಿನವನು "ಮುಟ್ಟಿ, ಏನೂ ಮಾಡುವುದಿಲ್ಲ" ಎಂದ. ಮುಖದ ಕಡೆಗೆ ಹೋಗಬೇಡಿ, ಬೆನ್ನ ಹಿಂದಿನಿಂದ ಬನ್ನಿ ಎಂದೂ ಸೇರಿಸಿದ. ಗೆಳತಿ ಮುಟ್ಟಿದಳು. ನಾನೂ ಮುಟ್ಟಿದೆ. ತಣ್ಣಗೆ, ಒರಟಾಗಿ, ಒಣಗಿದ ಹಲಸಿನ ಸಿಪ್ಪೆ ಮುಟ್ಟಿದ ಹಾಗೆ.

ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ಇದನ್ನು ಓದಿದ ಕೂಡಲೇ ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಬಬಿಯಾ ನೆನಪಾಗಿರಬೇಕು. ದೇವರ ನೈವೇದ್ಯ ತಿಂದುಕೊಂಡು ಬದುಕಿದ್ದ ಆ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಕಾವಲಿನವನಿಗೆ ಬಬಿಯಾನ ಕತೆ ಹೇಳಿದೆವು. ಸತ್ತಾಗ ಊರಿಗೆ ಊರೇ ಬಂದು ಅಂತಿಮ ದರ್ಶನ ಮಾಡಿತು ಎಂದದ್ದಕ್ಕೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಅನ್ನ ತಿನ್ನುತ್ತಿತ್ತಾ?" ಎಂಬುದಕ್ಕೆ ಮಾತ್ರ ನಕ್ಕೇ ನಕ್ಕ. ಅವನ ಮೊಸಳೆಗಳಿಗೆ ದಿನವೂ ಮೀನು ಬೇಕು.

ಆಕಾಶದಲ್ಲಿ, ಹೋಟೆಲಿನ ಹುಲ್ಲುಹಾಸಿನಲ್ಲಿ, ಮೀನು ಮಾರುಕಟ್ಟೆಯ ಮಾಡಿನ ಮೇಲೆ ಎಲ್ಲೆಲ್ಲೂ ರಣಹದ್ದುಗಳು. ನಮ್ಮಲ್ಲಿ ಕಾಗೆಗಳಿದ್ದ ಹಾಗೆ. ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯ ಹದ್ದುಗಳನ್ನು ಉಳಿಸಿಕೊಳ್ಳಲು ಅಭಯಧಾಮ ಮಾಡಿರುವ ರಾಜ್ಯದಿಂದ ಬಂದ ನನಗೆ ಕಣ್ಣು ತುಂಬ ನೋಡುವಂಥ ದೃಶ್ಯ. ಈ ಪುಟ್ಟ ದೇಶದಲ್ಲಿ 500ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆಯಂತೆ. ದುರ್ಬೀನು ನೇತುಹಾಕಿಕೊಂಡ ಯುರೋಪಿಯನ್ನರು ಅದಕ್ಕಾಗಿಯೇ ಬರುತ್ತಾರೆ. ಸಮುದ್ರದಂಡೆಯ ದೊಡ್ಡ ಹೋಟೆಲುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎಲ್ಲ ಕಡೆಯ ಹಾಗೆಯೇ.

ತಂಜಿ ಎಂಬ ಮೀನುಗಾರರ ಊರು ಮಾತ್ರ ಬಿಡಬಾರದು. ಸಂಜೆ ನಾಲ್ಕರ ಮೇಲೆ ಬಣ್ಣ ಬಳಿದ ಉದ್ದುದ್ದ ದೋಣಿಗಳು ಕಡಲಿಂದ ಬರುತ್ತವೆ. ದೋಣಿ ದಡಕ್ಕೆ ಬರುವ ತನಕ ಯಾರೂ ಕಾಯುವುದಿಲ್ಲ. ಹೆಂಗಸರು ಎದೆಮಟ್ಟದ ನೀರಿಗೆ ಇಳಿದು, ಬೋಗುಣಿ ತುಂಬಿಸಿಕೊಂಡು, ತಲೆಯ ಮೇಲಿಟ್ಟು ತೆರೆಗಳ ನಡುವೆ ನಡೆದು ಬರುತ್ತಾರೆ. ಆ ಗದ್ದಲ, ಆ ಚೌಕಾಸಿ, ಆ ಬೈಗುಳ ಕೇಳಿದರೆ ಮಲ್ಪೆಯಲ್ಲೇ ನಿಂತ ಹಾಗೆ. ಬೋಂಗಾ ಎಂಬ ಬೆಳ್ಳಿ ಬಣ್ಣದ ಮೀನನ್ನು ಹೊಗೆಯ ಮನೆಗಳಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಫ್ರಿಜ್ಜಿಲ್ಲದ ಒಳನಾಡಿನ ಹಳ್ಳಿಗೂ ಅದು ತಲುಪುತ್ತದೆ.

ಊಟದ ವಿಚಾರಕ್ಕೆ ಬಂದರೆ, 'ಬೆನಚಿನ್' ಎಂದರೆ ವೊಲೋಫ್‌ನಲ್ಲಿ 'ಒಂದು ಪಾತ್ರೆ'. ಅಕ್ಕಿ, ಮೀನು, ಬದನೆ, ಎಲೆಕೋಸು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದ ಅನ್ನ. ಮನೆಮಂದಿಯೆಲ್ಲ ನೆಲದಲ್ಲಿ ಒಂದು ದೊಡ್ಡ ಬಟ್ಟಲಿನ ಸುತ್ತ ಕೂತು ಬಲಗೈಯಲ್ಲಿ ಉಣ್ಣುತ್ತಾರೆ. ನಮ್ಮ ಮುಂದಿನ ಪಾಲಷ್ಟೇ ನಮ್ಮದು, ಪಕ್ಕದವರ ಗಡಿಗೆ ಕೈ ಹಾಕಬಾರದು. 'ದೊಮೋದಾ' ಎಂಬ ಕಡಲೆಕಾಯಿ ಸಾರು ನನಗೆ ತುಂಬ ಹಿಡಿಸಿತು. ಕಡಲೆಕಾಯಿಯೇ ಈ ದೇಶದ ಮುಖ್ಯ ಬೆಳೆ. ಪುಂಡಿಸೊಪ್ಪಿನ ಬಳಗದ ಗಿಡದ ಕೆಂಪು ಮೊಗ್ಗಿನಿಂದ ಮಾಡಿದ 'ವೊಂಜೊ' ಶರಬತ್ತನ್ನು ದಿನಕ್ಕೆ ಮೂರು ಲೋಟ ಕುಡಿದೆ. ಮತ್ತೆ 'ಅತಾಯ'. ಹಸಿರು ಚಹಾ, ರಾಶಿ ಸಕ್ಕರೆ, ಪುಟ್ಟ ಗಾಜಿನ ಲೋಟ. ಎತ್ತರದಿಂದ ಸುರಿದು ಸುರಿದು ನೊರೆ ಬರಿಸಿ ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ಕಹಿ, ಆಮೇಲಾಮೇಲೆ ಸಿಹಿ. ಮೂರು ಸುತ್ತು ಮುಗಿಯಲು ಒಂದೆರಡು ಗಂಟೆ. ಅಷ್ಟು ಹೊತ್ತು ಮಾತು.

ಇಂಥ ಒಂದು ಅತಾಯದ ಹೊತ್ತಿನಲ್ಲೇ ಒಬ್ಬ ತಾಯಿ ಕೇಳಿದರು, "ನೀವು ಭಾರತದವರಾ?" ಹೌದೆಂದೆವು. ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಬೀದಿಯಲ್ಲಿ ಒಂದು ಮಗು ಹೋಯಿತು, ಔಷಧಿಯಿಂದ" ಎಂದರು. ಏನೆಂದು ನಮಗೆ ತಿಳಿಯಿತು. 2022ರಲ್ಲಿ ಗ್ಯಾಂಬಿಯಾದಲ್ಲಿ ಅರವತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ವಿಷಕಾರಿ ರಾಸಾಯನಿಕವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಇಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ದೋಷವಿಲ್ಲ ಎಂದು ನಮ್ಮ ಸರ್ಕಾರ ಹೇಳಿತು. ಆ ವಾದವಿವಾದವನ್ನು ಆ ತಾಯಿಯ ಮುಂದೆ ಒಪ್ಪಿಸುವುದು ನನ್ನಿಂದಾಗಲಿಲ್ಲ. ಜ್ವರ, ಕೆಮ್ಮು ಬಂದ ಮಗುವಿಗೆ ಚಮಚದಲ್ಲಿ ಔಷಧಿ ಕುಡಿಸದ ಅಜ್ಜಿ ನಮ್ಮಲ್ಲಿ ಯಾರಿದ್ದಾರೆ? ಗೆಳತಿ ಅವರ ಕೈ ಹಿಡಿದುಕೊಂಡು ಕೂತಳು. ಆ ತಾಯಿ ನಮ್ಮ ಮೇಲೆ ಸಿಟ್ಟಾಗಲಿಲ್ಲ, ಎರಡನೆಯ ಸುತ್ತಿನ ಚಹಾ ನಮಗೇ ಮೊದಲು ಕೊಟ್ಟರು. ಸಂಸತ್ ಭವನದ ಮುಂದೆ ಪಟ್ಟ ಹೆಮ್ಮೆಯ ಜೊತೆಗೆ ಇದನ್ನೂ ಇಟ್ಟುಕೊಂಡೇ ನಾನು ಊರಿಗೆ ಬಂದೆ.

ಕರಗುತ್ತಿರುವ ದ್ವೀಪ

ಮೂರನೆಯ ದಿನ ಮತ್ತೆ ಉತ್ತರ ದಡಕ್ಕೆ ದಾಟಿ ಜುಫುರೆ ಎಂಬ ಹಳ್ಳಿಗೆ ಹೋದೆವು. ಅಮೆರಿಕದ ಲೇಖಕ ಅಲೆಕ್ಸ್ ಹೇಲಿ 1976ರಲ್ಲಿ 'ರೂಟ್ಸ್' ಎಂಬ ಪುಸ್ತಕ ಬರೆದರು. ಗುಲಾಮನಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟ ತನ್ನ ಪೂರ್ವಜ ಕುಂಟಾ ಕಿಂಟೆ ಇದೇ ಜುಫುರೆಯ ಹುಡುಗ, 1767ರಲ್ಲಿ ಅವನನ್ನು ಹಿಡಿದುಕೊಂಡು ಹೋದರು ಎಂಬುದು ಅದರ ಕತೆ. ಕನ್ನಡಕ್ಕೂ ಬಂದ ಪುಸ್ತಕ ಅದು. ಹೇಲಿಯವರ ವಂಶಾವಳಿಯ ವಿವರಗಳನ್ನೆಲ್ಲ ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಈ ನದಿಯಿಂದ ಹಡಗು ಹಡಗು ಜನರನ್ನು ಸಾಗಿಸಿದ್ದು ಸುಳ್ಳಲ್ಲ.

ಪಕ್ಕದ ಅಲ್ಬ್ರೆಡಾದಿಂದ ದೋಣಿ ಹತ್ತಿದರೆ ನದಿಯ ನಡುವೆ ಒಂದು ಪುಟ್ಟ ದ್ವೀಪ. ಮೊದಲು ಜೇಮ್ಸ್ ದ್ವೀಪ ಎಂಬ ಹೆಸರಿತ್ತು, 2011ರಲ್ಲಿ ಕುಂಟಾ ಕಿಂಟೆ ದ್ವೀಪ ಎಂದು ಬದಲಾಯಿಸಿದರು. 1651ರಲ್ಲಿ ಈಗಿನ ಲಾಟ್ವಿಯಾ ದೇಶದ ಭಾಗವಾಗಿರುವ ಕೂರ್ಲೆಂಡಿನವರು ಇಲ್ಲಿ ಕೋಟೆ ಕಟ್ಟಿದರು. ಹತ್ತು ವರ್ಷದಲ್ಲಿ ಅದು ಇಂಗ್ಲಿಷರ ಪಾಲಾಯಿತು. ಒಳನಾಡಿನಿಂದ ಹಿಡಿದು ತಂದವರನ್ನು ಹಡಗು ಬರುವ ತನಕ ಕೂಡಿಹಾಕುತ್ತಿದ್ದ ಜಾಗ ಇದು. ಈಗ ಉಳಿದಿರುವುದು ಮುರಿದ ಗೋಡೆಗಳು, ತುಕ್ಕು ಹಿಡಿದ ತೋಪುಗಳು, ಕೆಲವು ಬಾವೊಬಾಬ್ ಮರಗಳು. ಒಂದು ಕತ್ತಲ ಕೋಣೆಯನ್ನು ತೋರಿಸಿದರು. ಬಾಗಿಲು ಬಗ್ಗಿ ಹೋಗುವಷ್ಟು ಕಿರಿದು. ಒಳಗೆ ಒಂದೇ ಕಿಂಡಿ, ಕಿಂಡಿಯಲ್ಲಿ ನದಿ. ಅದರಾಚೆ ದಡ. ಕೂಗಿದರೆ ಕೇಳಿಸುವಷ್ಟು ಹತ್ತಿರವಲ್ಲ, ಆದರೆ ಅಡುಗೆಮನೆಯ ಹೊಗೆ ಏಳುವುದು ಕಾಣಿಸುತ್ತದೆ. ತನ್ನ ಊರನ್ನು ನೋಡುತ್ತಲೇ ಒಬ್ಬ ಹುಡುಗ ಇಲ್ಲಿ ಎಷ್ಟು ದಿನ ಕೂತಿದ್ದನೋ! ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಗೆಳತಿ ಬಹಳ ಹೊತ್ತು ಹೊರಗೆ ಬರಲಿಲ್ಲ.

1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿತು. ಆಮೇಲೆ ಅದೇ ಇಂಗ್ಲಿಷರು ನದಿಯ ಬಾಯಲ್ಲಿ, ಬಂಜುಲ್ ಮತ್ತು ಬರ್ರಾದಲ್ಲಿ, ತೋಪುಗಳನ್ನು ಇಟ್ಟರು. ಈ ಸಲ ಗುಲಾಮರನ್ನು ಸಾಗಿಸುವ ಹಡಗುಗಳನ್ನು ತಡೆಯಲಿಕ್ಕೆ. ಒಂದೇ ನದಿ, ಒಂದೇ ಬಾವುಟ, ತೋಪಿನ ಮುಖ ಮಾತ್ರ ತಿರುಗಿತು. ಈ ಎಲ್ಲ ಜಾಗಗಳನ್ನೂ ಒಟ್ಟಾಗಿ 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ದ್ವೀಪ ಹಿಂದೆ ಹಲವು ಪಟ್ಟು ದೊಡ್ಡದಿತ್ತಂತೆ. ನೀರು ಕೊರೆದು ಕೊರೆದು ಈಗ ಒಂದು ಹೈಸ್ಕೂಲಿನ ಆಟದ ಮೈದಾನದಷ್ಟೂ ಉಳಿದಿಲ್ಲ. ದಡಕ್ಕೆ ಕಲ್ಲು ಪೇರಿಸಿ ಕಾಪಾಡಲು ನೋಡುತ್ತಿದ್ದಾರೆ. "ಇಂಥ ಜಾಗ ಮುಳುಗಿದರೆ ಒಳ್ಳೆಯದಲ್ವಾ?" ಎಂದೆ. ದೋಣಿಯವನು ತಲೆಯಾಡಿಸಿದ. "ಇದು ಹೋದರೆ, ಹೀಗೆ ನಡೆದೇ ಇಲ್ಲ ಅಂತಾರೆ" ಎಂದ.

ಹಿಂದಿರುಗುವಾಗ ಗೆಳತಿ ನಮ್ಮ ಸಿದ್ದಿಗಳ ಮಾತು ತೆಗೆದಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಬದುಕುವ ಸಿದ್ದಿಗಳ ಹಿರಿಯರೂ ಆಫ್ರಿಕಾದಿಂದಲೇ ಬಂದವರು. ಅವರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ಆದರೆ ಅವರು ಖಂಡದ ಇನ್ನೊಂದು ತುದಿಯವರು, ಪೂರ್ವ ಕರಾವಳಿಯವರು. ಗ್ಯಾಂಬಿಯಾಕ್ಕೂ ಅವರಿಗೂ ನೇರ ನಂಟಿಲ್ಲ. ಆದರೂ ಆ ದಿನ ನನಗೆ ನನ್ನ ಶಾಲೆಯಲ್ಲಿ ಓದಿದ ಸಿದ್ದಿ ಹುಡುಗಿಯೊಬ್ಬಳ ನೆನಪು ಬಿಡಲೇ ಇಲ್ಲ. ಓಟದಲ್ಲಿ ಯಾರೂ ಅವಳನ್ನು ಹಿಡಿಯಲಾಗುತ್ತಿರಲಿಲ್ಲ.

ಮುರಕಲ್ಲಿನ ಉಂಗುರಗಳು

ಕೊನೆಯ ಎರಡು ದಿನ ನದಿಯ ಮೇಲ್ಭಾಗಕ್ಕೆ. ಕಡಲು ದೂರವಾದ ಹಾಗೆ ಬಿಸಿಲು ಏರಿತು. ದಾರಿಯುದ್ದಕ್ಕೂ ಗೇರುಮರಗಳು, ಕೆಂಪು ಹಳದಿ ಹಣ್ಣು ತೂಗುತ್ತಿದ್ದವು. ಮರದ ಬುಡದಲ್ಲಿ ಮಕ್ಕಳು ಹಣ್ಣು ಹಿಂಡಿ ಬೀಜ ಬೇರೆ ಮಾಡುತ್ತಿದ್ದರು. ಕಾರು ನಿಲ್ಲಿಸಿ ಗೆಳತಿ ಕೇಳಿದಳು, ಈ ಬೀಜ ಎಲ್ಲಿಗೆ ಹೋಗುತ್ತದೆ? "ಇಂಡಿಯಾ!" ಎಂದು ಹುಡುಗರು ಒಟ್ಟಿಗೆ ಕೂಗಿದರು. ನಿಜವೇ. ಇಲ್ಲಿಯ ಹಸಿ ಗೇರುಬೀಜದ ದೊಡ್ಡ ಪಾಲು ಭಾರತಕ್ಕೆ ಬರುತ್ತದೆ. ಪಶ್ಚಿಮ ಆಫ್ರಿಕಾದ ಬೀಜ ಇಲ್ಲದಿದ್ದರೆ ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ವರ್ಷವಿಡೀ ಕೆಲಸ ಇರುವುದಿಲ್ಲ. ನಮ್ಮ ಪಾಯಸದ ಗೋಡಂಬಿಯಲ್ಲಿ ಈ ಹುಡುಗರ ಕೈ ಇದ್ದರೂ ಇರಬಹುದು. ಹಣ್ಣು ಹಿಂಡಿ ರಸ ಕುಡಿಯುವಾಗ ಅವರ ಅಂಗಿಯ ಮೇಲೂ ಅದೇ ಕಲೆ, ನಮ್ಮ ಅಮ್ಮ ಬೈಯುತ್ತಿದ್ದ ಅದೇ ತೊಳೆದರೂ ಹೋಗದ ಕಲೆ.

ಹಳ್ಳಿ ಹಳ್ಳಿಗೂ ಒಂದು ಬಾವೊಬಾಬ್. ಆನೆಯ ಕಾಲಿನಂಥ ಕಾಂಡ, ಬೇರು ಮೇಲೆ ಮಾಡಿ ನೆಟ್ಟಂಥ ಕೊಂಬೆ. ನೋಡಲು ಆಫ್ರಿಕಾಕ್ಕೇ ಹೋಗಬೇಕಿಲ್ಲ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಮರಗಳು ಇವೇ. ಹಣ್ಣಿನ ತಿರುಳು ಹುಳಿ, ಹಾಗಾಗಿ ಹುಣಸೆ ಅಂದಿರಬೇಕು. ಇಲ್ಲಿ ಆ ತಿರುಳಿನಿಂದ ಹಾಲಿನಂಥ ಶರಬತ್ತು ಮಾಡುತ್ತಾರೆ.

ನದಿಯ ನಡುವಿನ ದ್ವೀಪಗಳಲ್ಲಿ ಚಿಂಪಾಂಜಿಗಳಿವೆ. ಸಾಕಲೆಂದು ಹಿಡಿದು ಆಮೇಲೆ ಬಿಡಿಸಿಕೊಂಡು ಬಂದಂಥವನ್ನು 1979ರಿಂದ ಅಲ್ಲಿ ಬಿಟ್ಟಿದ್ದಾರೆ. ಮನುಷ್ಯರು ಅಲ್ಲಿ ಇಳಿಯುವ ಹಾಗಿಲ್ಲ, ದೋಣಿಯಿಂದಲೇ ನೋಡಬೇಕು. ನಮಗೆ ಒಂದು ತಾಯಿ ಮತ್ತು ಬೆನ್ನಿಗಂಟಿದ ಮರಿ ಕಾಣಿಸಿತು. ನೀರಾನೆಯ ಕಿವಿ ಮಾತ್ರ ಕಾಣಿಸಿತು.

ಉತ್ತರ ದಡದ ವಾಸ್ಸು ಎಂಬಲ್ಲಿ ಕಲ್ಲಿನ ವೃತ್ತಗಳಿವೆ. ಆಳೆತ್ತರದ ಕಂಬಗಳು, ಒಂದೊಂದು ಏಳು ಟನ್ ತೂಗುವಂಥವು, ಎಂಟರಿಂದ ಹದಿನಾಲ್ಕು ಸೇರಿ ಒಂದೊಂದು ಉಂಗುರ. ಗ್ಯಾಂಬಿಯಾ, ಸೆನೆಗಲ್ ಎರಡೂ ಸೇರಿ ಈ ನದಿಯ ಆಸುಪಾಸಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಸ್ಮಾರಕಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಕ್ರಿಸ್ತಶಕ ಹದಿನಾರನೆಯ ಶತಮಾನದ ತನಕ ಸತ್ತವರನ್ನು ಹೂಳಿದ ಜಾಗಗಳು ಇವು. ಕಲ್ಲು ಯಾವುದು ಗೊತ್ತೇ? ನಮ್ಮ ಮುರಕಲ್ಲು! ಕರಾವಳಿಯಲ್ಲಿ ಮನೆ ಕಟ್ಟುವ, ಬಾವಿ ತೋಡುವಾಗ ಸಿಗುವ ಅದೇ ಕೆಂಪುಕಲ್ಲು. ನಾನು ಕೈಯಾಡಿಸಿ ನೋಡಿದೆ, ಅದೇ ತೂತು, ಅದೇ ತರಿ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲೂ ನಮ್ಮ ಪೂರ್ವಜರು ಸತ್ತವರಿಗೆ ಕಲ್ಲಿನ ಮನೆ ಕಟ್ಟಿದ್ದಾರೆ, ಅದು ಬೇರೆ ಜಾತಿಯ ಕಲ್ಲು. ವಾಸ್ಸುವಿಗೆ ಬಂದವರು ಕಂಬದ ತಲೆಯ ಮೇಲೆ ಒಂದು ಸಣ್ಣ ಕಲ್ಲಿಟ್ಟು ಹೋಗುತ್ತಾರೆ. ನಾವೂ ಇಟ್ಟೆವು.

ಆ ರಾತ್ರಿ ತಂಗಿದ್ದು ಜಂಜಂಬುರೆ ಎಂಬ ಊರಿನಲ್ಲಿ. ಕರೆಂಟು ಹೋಗಿತ್ತು. ಅಂಗಳದಲ್ಲಿ ಒಬ್ಬ ವಯಸ್ಸಾದವರು ಕೋರಾ ಹಿಡಿದು ಕೂತರು. ದೊಡ್ಡ ಸೋರೆಬುರುಡೆಯ ಅರ್ಧಕ್ಕೆ ದನದ ಚರ್ಮ ಬಿಗಿದು, 21 ತಂತಿ ಕಟ್ಟಿದ ವಾದ್ಯ. ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳಿಂದ ನುಡಿಸುತ್ತಾರೆ. ನುಡಿಸುವವರನ್ನು ಮಂಡಿಂಕಾದಲ್ಲಿ ಜಾಲಿ ಎನ್ನುತ್ತಾರೆ. ಇದು ಮನೆತನದ ವೃತ್ತಿ. ಒಂದೊಂದು ಕುಲದ ಏಳೆಂಟು ತಲೆಮಾರಿನ ಹೆಸರು, ಯಾರು ಯಾರ ಮಗ, ಯಾವ ಬರಗಾಲದಲ್ಲಿ ಎಲ್ಲಿಗೆ ವಲಸೆ ಹೋದರು ಎಲ್ಲ ಅವರ ಬಾಯಲ್ಲಿ. ಹಿಂದೆ ನಮ್ಮ ಹಳ್ಳಿಗಳಿಗೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವರು ನೆನಪಿದೆಯೇ? ಮನೆಮುಂದೆ ನಿಂತು ಮುತ್ತಜ್ಜನ ಮುತ್ತಜ್ಜನ ಹೆಸರು ಹೇಳಿ ಕಾಳು ಪಡೆದುಕೊಂಡು ಹೋಗುತ್ತಿದ್ದರು. ಅದೇ ಕೆಲಸ. ಕೋರಾ ಗಂಡಸರಿಗೆ ಮಾತ್ರ ಎಂಬ ಕಟ್ಟಳೆ ಇತ್ತು, ಈಗ ಸೋನಾ ಜೋಬರ್ತೆ ಎಂಬ ಹೆಣ್ಣುಮಗಳು ಅದನ್ನು ಮುರಿದು ಲೋಕವೆಲ್ಲ ಸುತ್ತಿ ನುಡಿಸುತ್ತಿದ್ದಾರೆ.

ಹಾಡು ಮುಗಿಸಿದ ಜಾಲಿ ನಮ್ಮ ಕಡೆ ತಿರುಗಿ, ನಿಮ್ಮ ಹಿರಿಯರ ಹೆಸರು ಹೇಳಿ, ಹಾಡುತ್ತೇನೆ ಎಂದರು. ಗೆಳತಿ ಅಪ್ಪನ ಕಡೆಯಿಂದ ಮೂರು ತಲೆಮಾರು ಹೇಳಿ ನಿಲ್ಲಿಸಿದಳು. ನಾನು ತಾಯಿಯ ಕಡೆಯಿಂದ ಶುರು ಮಾಡಿದೆ. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ. ಅದರಾಚೆಗೆ ಹೆಸರು ಬರಲಿಲ್ಲ. "ಅಷ್ಟೇನಾ?" ಎಂಬಂತೆ ಅವರು ಕಾದರು. ಆಮೇಲೆ ತಂತಿ ಮೀಟಿದರು. ನಮ್ಮ ಹೆಸರುಗಳೆಲ್ಲ ಅವರ ನಾಲಿಗೆಯಲ್ಲಿ ತಿರುಗಿ ಮುರುಗಿ ಏನೇನೋ ಆದವು. ಪ್ರತಿ ಹೆಸರಿನ ಕೊನೆಯ 'ಅಮ್ಮ' ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಅಂಗಳದ ಮಕ್ಕಳು ಅದನ್ನೇ ಹಿಡಿದು "ಅಮ್ಮ, ಅಮ್ಮ" ಎಂದು ಚಪ್ಪಾಳೆ ತಟ್ಟಿದರು. ಇನ್ನೂರು ದಲಾಸಿ ಕೊಟ್ಟೆವು. ಒಂದು ದಲಾಸಿ ಎಂದರೆ ನಮ್ಮ ಒಂದು ರೂಪಾಯಿಗಿಂತ ತುಸು ಹೆಚ್ಚು. "ಮೂರು ತಲೆಮಾರಿಗೆ ಇದು ಜಾಸ್ತಿಯಾಯಿತು ಮಾರಾಯ್ತಿ" ಎಂದು ಗೆಳತಿ ಕಿವಿಯಲ್ಲಿ ಗೊಣಗಿದಳು.

ಮರುದಿನ ಫರಫೆನ್ನಿಯ ಹತ್ತಿರ, 2019ರಲ್ಲಿ ಸಂಚಾರಕ್ಕೆ ತೆರೆದ ದೊಡ್ಡ ಸೇತುವೆಯನ್ನು ನೋಡಿಕೊಂಡು ಡಾಕಾರ್‌ನ ದಾರಿ ಹಿಡಿದೆವು. ಹಿಂದೆ ಈ ನದಿ ದಾಟಲು ಲಾರಿಗಳು ದಿನಗಟ್ಟಲೆ ಫೆರ್ರಿಗೆ ಕಾಯುತ್ತಿದ್ದವಂತೆ. ಕಾರು ಹೊರಟ ಸ್ವಲ್ಪ ಹೊತ್ತಿಗೆ ನಾನು ಫೋನು ತೆಗೆದು ಊರಿನಲ್ಲಿರುವ ಚಿಕ್ಕಮ್ಮನಿಗೆ ಕರೆ ಮಾಡಿದೆ. ಅವರಿಗೆ ತೊಂಬತ್ತರ ಹತ್ತಿರ. ಅಜ್ಜಿಯ ಅಜ್ಜಿಯ ಹೆಸರೇನು ಎಂದು ಕೇಳಿದೆ. "ಆಫ್ರಿಕಾದಿಂದ ಫೋನು ಮಾಡಿ ಕೇಳುವ ವಿಷಯವಾ ಇದು!" ಎಂದು ಬೈದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಹೇಳಿದರು.